ಅಕ್ಕನ ರೇಡಿಯೋ ಹೇಳಿದ ಮಳೆ

ನಾನು ಯಾರ ಮಾತನ್ನೂ ಸುಲಭಕ್ಕೆ ನಂಬುವವಳಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮಮ್ಮ ದಿನಕ್ಕೆ ನಾಲ್ಕು ಸಲ ಹೇಳಿ ಬೆಳೆಸಿದ್ದಳು. ಬಂಗಾರಪೇಟೆ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದ ಮೇಲೆ ನನ್ನ ಅನುಮಾನವೆಲ್ಲ ಹೋಗಿ ಕೂತಿದ್ದು ನಾನು ಅಕ್ಕ ಎನ್ನುತ್ತಿದ್ದ ಓರಗಿತ್ತಿಯ ಮೇಲೆ, ಅದರಲ್ಲೂ ಅವಳ ರೇಡಿಯೋ ಮೇಲೆ.

ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿ ಕೆಲಸಕ್ಕಿದ್ದ ಅವಳ ಗಂಡ, ನಮ್ಮ ಭಾವ, ಅದನ್ನು ತಂದುಕೊಟ್ಟಿದ್ದರು. ಎಂಬತ್ತರ ದಶಕದ ಮೊದಲ ವರ್ಷಗಳು. ಮನೆ ಭಾಗವಾಗಿ, ಹಿತ್ತಿಲಲ್ಲಿ ಎದೆಮಟ್ಟದ ಗೋಡೆ ಎದ್ದಿತ್ತು. ಹಿಪ್ಪುನೇರಳೆ ತೋಟವೂ ಅರ್ಧ ಅರ್ಧ. ಎರಡು ಮನೆಯಲ್ಲೂ ರೇಷ್ಮೆಹುಳ. ಬೇಸಿಗೆಯಲ್ಲಿ ಮಧ್ಯಾಹ್ನ ಸುಡುವ ಬಿಸಿಲು, ಸಂಜೆ ಗುಡುಗು ಮಳೆ. ನೆಂದ ಸೊಪ್ಪು ತಿಂದರೆ ಹುಳ ರೋಗ ಬಂದು ಸಾಯುತ್ತವೆ. ಮಳೆ ಬಂದೀತೆಂದು ಮೊದಲೇ ಕೊಯ್ದಿಟ್ಟರೆ ಸೆಕೆಗೆ ಸೊಪ್ಪು ಬಾಡುತ್ತದೆ, ಹುಳ ಮೂಸಿಯೂ ನೋಡುವುದಿಲ್ಲ.

ಹವಾಮಾನ ವರದಿಯವರು ದಿನಾ ಅಲ್ಲಲ್ಲಿ ಗುಡುಗು ಸಹಿತ ಮಳೆ ಎನ್ನುತ್ತಿದ್ದರು. ಆ ಅಲ್ಲಲ್ಲಿಯಲ್ಲಿ ನಮ್ಮೂರು ಇದೆಯೋ ಇಲ್ಲವೋ ದೇವರಿಗೇ ಗೊತ್ತು. ಅಕ್ಕ ಆ ವರದಿ ಕೇಳುತ್ತಲೇ ಇರಲಿಲ್ಲ. ದೂರದಲ್ಲಿ ಮಿಂಚಿದರೆ ಹಾಡಿನ ನಡುವೆ ರೇಡಿಯೋ ಕರಕರ ಅನ್ನುತ್ತದೆ, ಕರಕರ ಹೆಚ್ಚಿದರೆ ಮಳೆ ಹತ್ತಿರ ಬಂತು ಎನ್ನುವುದು ಅವಳ ನಂಬಿಕೆ.

ಭಾಗವಾದ ಮೇಲೆ ನಾನೊಬ್ಬಳೇ ಎತ್ತಿದ ಮೊದಲ ರೇಷ್ಮೆ ಬೆಳೆ ಅದು. ಇವಳ ಕೈಲಿ ಆದೀತೇ ಎಂದು ಮನೆಯವರೆಲ್ಲ ನೋಡುತ್ತಿದ್ದರು. ಹುಳ ಇನ್ನೂ ಚಿಕ್ಕವಿದ್ದಾಗ ಒಂದು ದಿನ ಅಕ್ಕನ ಮಾತು ಕೇಳಿ ಸೊಪ್ಪು ಕೊಯ್ದೆ. ಮೋಡ ಮುಳಬಾಗಿಲು ಕಡೆ ಹೋಯಿತು, ಸೊಪ್ಪು ಬಾಡಿತು. ಅವಳದೂ ಬಾಡಿತೆಂದು ಅತ್ತೆ ಹೇಳಿದರು, ಆದರೆ ನಾನು ಕಣ್ಣಾರೆ ನೋಡಿರಲಿಲ್ಲವಲ್ಲ. ಮಾರನೆಯ ದಿನ ಗೋಡೆಯಾಚೆ ಇಣುಕಿದರೆ ಅವಳ ಬೆರಳು ರೇಡಿಯೋದ ತಿರುಪಿನ ಮೇಲಿತ್ತು. ಸ್ಟೇಷನ್ ತಪ್ಪಿಸಿದರೆ ಯಾವ ರೇಡಿಯೋ ಕರಕರ ಅನ್ನುವುದಿಲ್ಲ? ನನ್ನ ಬೆಳೆ ಕೆಡಿಸಲು ಇವಳೇ ತಿರುಗಿಸುತ್ತಾಳೆ ಎಂದು ತೀರ್ಮಾನಿಸಿದೆ. ನಮ್ಮವರಿಗೆ ಹೇಳಿದರೆ, "ನಿಂದು ಕಾಮಾಲೆ ಕಣ್ಣು, ಕಂಡಿದ್ದೆಲ್ಲಾ ಅಳದೀನೇ" ಎಂದು ನಕ್ಕರು.

ಹುಳ ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು, ಗೂಡು ಕಟ್ಟುವ ಮುಂಚಿನ ಕೊನೆಯ ವಾರದ ಹಸಿವಿನಲ್ಲಿದ್ದವು. ಒಂದು ಹೊತ್ತು ತಪ್ಪಿದರೂ ಗೂಡು ಕೆಡುತ್ತದೆ. ಅಂಥ ಒಂದು ಮಧ್ಯಾಹ್ನ ಅಕ್ಕ ಗೋಡೆಯ ಮೇಲಿಂದ ಕೂಗಿದಳು. "ಲೇ, ಸೊಪ್ಪು ಕೊಯ್ಕೊಂಬುಡು. ರೇಡಿಯೋ ಒಂದೇ ಸಮ ಕರಕರ ಅಂತೈತೆ."

"ಒಂದು ಮೋಡಾನೂ ಇಲ್ವಲ್ಲಕ್ಕ," ಎಂದೆ.

"ನಾನ್ ಯೋಳೋದು ಯೋಳಿದೀನಿ. ಆಮೇಲೆ ನಿನ್ನಿಷ್ಟ."

ಕುಡುಗೋಲು ಹಿಡಿದು ಅವಳು ತೋಟಕ್ಕೆ ಓಡಿದಳು. ನಾಟಕ ಚೆನ್ನಾಗಿದೆ ಎಂದುಕೊಂಡು, ಬಿಸಿಲಿಳಿದ ಮೇಲೆ ಕೊಯ್ದರಾಯಿತೆಂದು ನಾನು ಮಲಗಿದೆ.

ನಾಲ್ಕು ಗಂಟೆಗೆ ಗುಡುಗಿ ಶುರುವಾದ ಮಳೆ ಕತ್ತಲಾದರೂ ನಿಲ್ಲಲಿಲ್ಲ. ಮನೆಯಲ್ಲಿ ಒಂದು ಒಣ ಎಲೆಯೂ ಇರಲಿಲ್ಲ. ತಟ್ಟೆಗಳಲ್ಲಿ ಹುಳ ತಲೆ ಎತ್ತಿ ಸೊಪ್ಪು ಹುಡುಕುತ್ತಿದ್ದವು. ನನಗೆ ಅಳು ಬಂತು.

ಅಷ್ಟರಲ್ಲಿ ಅಕ್ಕ ತಲೆಗೆ ಗೋಣಿಚೀಲ ಹಾಕಿಕೊಂಡು, ಮುಚ್ಚಿದ ಮಂಕರಿ ಹೊತ್ತು ಬಂದಳು. "ನೀನು ಕೊಯ್ಯಕ್ಕಿಲ್ಲ ಅಂತ ಗೊತ್ತಿತ್ತು. ನಿಂಗೂ ಸೇರಿಸಿ ಕೊಯ್ದೆ. ಮೊದ್ಲು ಉಳಕ್ಕೆ ಆಕು."

ನಾನು ಮಾಡಿದ್ದೇನು ಗೊತ್ತೇ? ಒಂದು ಎಲೆ ಎತ್ತಿ, ಒದ್ದೆಯಿದೆಯೇನೋ ಎಂದು ಕೆನ್ನೆಗೆ ಒತ್ತಿ ನೋಡಿದೆ. ಸಾಲದೆಂದು ಮಂಕರಿಯ ತಳಕ್ಕೆ ಕೈ ಹಾಕಿ ಇನ್ನೊಂದು ತೆಗೆದೆ. ಅಕ್ಕ ನೋಡುತ್ತ ನಿಂತಿದ್ದಳು.

"ಒಣಗೈತಾ?" ಎಂದು ಕೇಳಿದಳು. ಸೊಪ್ಪು ಸುರಿದು, ಖಾಲಿ ಮಂಕರಿ ತೆಗೆದುಕೊಂಡು ಹೋದಳು.

ಬೆಳೆ ಚೆನ್ನಾಗಿ ಬಂತು, ಹೊಗಳಿಕೆಯೆಲ್ಲ ನನಗೆ ಸಿಕ್ಕಿತು. ಒಳಗೆ ನಾಚಿಕೆಯಿಂದ ಕುಗ್ಗಿಹೋಗಿದ್ದೆ, ಬಾಯಿ ಬಿಟ್ಟು ಹೇಳಲಿಲ್ಲ. ಅಕ್ಕ ಮಾತು ಬಿಡಲಿಲ್ಲ, ಹಬ್ಬಕ್ಕೆ ಒಬ್ಬಟ್ಟನ್ನೂ ಕಳಿಸಿದಳು. ಮಳೆಯ ವಿಷಯ ಮಾತ್ರ ಮತ್ತೆಂದೂ ಕೂಗಿ ಹೇಳಲಿಲ್ಲ.

ಮುಂದಿನ ಬೆಳೆಯ ಹೊತ್ತಿಗೆ ಒಂದು ಮಧ್ಯಾಹ್ನ ಹಿತ್ತಿಲಿಗೆ ಹೋದರೆ ಕರಕರ ಸದ್ದು ಜೋರಾಗಿ ಕೇಳಿಸಿತು. ಅಕ್ಕ ಅಲ್ಲಿರಲಿಲ್ಲ, ಆಗಲೇ ತೋಟದಲ್ಲಿದ್ದಳು. ಅವಳೇ ತಿರುಪು ತಿರುಗಿಸುತ್ತಾಳೆಂಬ ನನ್ನ ಅನುಮಾನವನ್ನು ನಮ್ಮವರೇ ಅವಳಿಗೆ ಹೇಳಿರಬೇಕು. ರೇಡಿಯೋ ಗೋಡೆಯ ಮೇಲಿತ್ತು, ತಿರುಪು ನನ್ನ ಕಡೆಗೆ.