ಕರಿ ಉಣ್ಣೆಯ ಮರಿಗಂಟು

ಕಳೆದ ವಾರ ಸೊಸೆ ನನ್ನ ಹಳೆಯ ಟ್ರಂಕು ತೆರೆದು ಏನೋ ಹುಡುಕುತ್ತಿದ್ದಳು. ಮೊಮ್ಮಗ ಗುಲ್ಬರ್ಗಾದಲ್ಲಿ ಓದುತ್ತಾನೆ, ಅವನ ಬುತ್ತಿ ದಿನಾ ಬೆಳಿಗ್ಗೆ ಬಸ್ಸಿಗೆ ಹೋಗುತ್ತದೆ. ಡಬ್ಬಿಯ ಕೊಂಡಿ ಮುರಿದಿತ್ತು. "ಮಾವಾರ, ಇದು ನಡೀತದೇನ್ರಿ?" ಎಂದು ಕರಿ ಉಣ್ಣೆಯ ಒಂದು ತುಂಡು ದಾರವನ್ನು ನನ್ನ ಮುಂದೆ ಹಿಡಿದಳು. ಮೂಗಿನ ಹತ್ತಿರ ತಂದುಕೊಂಡೆ. ಇಷ್ಟು ವರ್ಷ ಟ್ರಂಕಿನ ತಳದಲ್ಲಿ ಬಿದ್ದಿದ್ದರೂ ಕುರಿಯ ಮೈಯ ಜಿಡ್ಡು ವಾಸನೆ ಅದನ್ನು ಬಿಟ್ಟು ಹೋಗಿರಲಿಲ್ಲ. ಮುದನಾಳದ ಅಕ್ಕ ನೆನಪಾದಳು...

ನಾನು ಕಂಬಳಿ ವ್ಯಾಪಾರದವನು. ಹೆಗಲ ಮೇಲೆ ಕಂಬಳಿ ಹೊತ್ತು ಶಹಾಪುರ, ಸುರಪುರದ ಸಂತೆ ತಿರುಗಿ, ಆಮೇಲೆ ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಅಂಗಡಿ ಹಾಕಿದವನು. ಶಾಲೆಯ ಮೆಟ್ಟಿಲು ಹತ್ತಿದವನಲ್ಲ, ಓದು ಬರಹ ಗಿರಾಕಿಗಳಿಂದಲೇ ಕೇಳಿ ಕೇಳಿ ಕಲಿತದ್ದು. ಅದಕ್ಕೇ ಹಟ ಹಿಡಿದು ಮಗನನ್ನು ಗುಲ್ಬರ್ಗಾದ ಕಾಲೇಜಿಗೆ ಹಾಕಿದ್ದೆ. ನಿಜಾಮನ ಆಳ್ವಿಕೆಯ ಕೊನೆಯ ದಿನಗಳು ಅವು. ಮೂರು ಹುಡುಗರು ಒಂದೇ ಖೋಲಿಯಲ್ಲಿದ್ದರು: ನನ್ನ ಮಗ, ಸ್ಟೇಷನ್ ಎದುರು ಹೊಲಿಗೆ ಯಂತ್ರ ಇಟ್ಟಿದ್ದ ದರ್ಜಿ ಚಾಚಾನ ಮಗ, ಮತ್ತು ಪಕ್ಕದ ಹಳ್ಳಿ ಮುದನಾಳದಿಂದ ಬರುತ್ತಿದ್ದ, ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದವಳ ಮಗ. ಕುರಿ ಕಾಯುವ ಮನೆಯಿಂದ ಕಾಲೇಜು ಕಂಡವನು ಆ ಸುತ್ತಿನಲ್ಲಿ ಅವನೊಬ್ಬನೇ.

ಹೋಟೆಲಿನ ಅನ್ನ ನಮ್ಮ ಹುಡುಗರಿಗೆ ಒಗ್ಗುತ್ತಿರಲಿಲ್ಲ. ಹಾಗಾಗಿ ಬುತ್ತಿ ಬೆಳಗಿನ ರೈಲಿಗೆ ಹೋಗುತ್ತಿತ್ತು. ಬಟ್ಟೆಯಲ್ಲಿ ರೊಟ್ಟಿ ಕಟ್ಟಿ, ಗುರೆಳ್ಳಿನ ಚಟ್ನಿಪುಡಿ, ನಮ್ಮ ಕಡೆಯ ಹಿಂಡಿ, ಇಟ್ಟು, ಸ್ಟೇಷನ್ನಿನ ಹಮಾಲನ ಕೈಗೆ ಕೊಟ್ಟರೆ ಅವನು ಗಾರ್ಡಿನ ಡಬ್ಬಿಗೆ ಏರಿಸುತ್ತಿದ್ದ. ಅಲ್ಲಿ ಹುಡುಗರು ಇಳಿಸಿಕೊಂಡು ಸಂಜೆಯ ರೈಲಿಗೆ ಖಾಲಿ ಬಟ್ಟೆ ವಾಪಸು ಹಾಕುತ್ತಿದ್ದರು. ಮರುದಿನ ಬೆಳಿಗ್ಗೆ ಹೊಸ ಬುತ್ತಿ ಕೊಡುವುದು, ಹಳೆಯ ಬಟ್ಟೆ ಬಿಡಿಸಿಕೊಳ್ಳುವುದು. ಬಟ್ಟೆ ಖಾಲಿ ಬಂದರೆ ಮಗ ಉಂಡಿದ್ದಾನೆ, ಚೂರು ಉಳಿದು ಬಂದರೆ ಜ್ವರವೋ ಏನೋ. ನಮಗೆ ಬೇರೆ ಕಾಗದಪತ್ರ ಬೇಕಾಗಿರಲಿಲ್ಲ.

ಬಟ್ಟೆಗಳೆಲ್ಲ ಒಂದೇ ತರಹ ಇರುತ್ತಿದ್ದವು. ಅಕ್ಕ ತನ್ನದಕ್ಕೆ ಗುರುತಿರಲೆಂದು ಕರಿ ಉಣ್ಣೆಯ ದಾರ ಸುತ್ತುತ್ತಿದ್ದಳು. ಮಗ ಖಾಲಿ ಬಟ್ಟೆ ಮಡಚಿ ಅದೇ ದಾರದಿಂದ ಕಟ್ಟಿ ಕಳಿಸುತ್ತಿದ್ದ. ಕುರಿಯವರು ಎಳೆಯ ಮರಿಗಳನ್ನು ಗೂಟಕ್ಕೆ ಕಟ್ಟುವ ಒಂದು ಗಂಟಿದೆ. ಮರಿ ಜಗ್ಗಿದಷ್ಟೂ ಬಿಗಿಯುತ್ತದೆ, ಆದರೆ ಕುತ್ತಿಗೆಗೆ ಉರುಳಾಗುವುದಿಲ್ಲ. ತುದಿ ಹಿಡಿದು ಎಳೆದರೆ ಸರಕ್ಕನೆ ಬಿಚ್ಚುತ್ತದೆ. ಅವನದು ಆ ಮರಿಗಂಟು. ಅಕ್ಕ ಅದನ್ನು ಒಂದೇ ಸಲ ಎಳೆದು ಬಿಚ್ಚಿ, ದಾರವನ್ನು ಬೆರಳಿಗೆ ಸುತ್ತಿಕೊಂಡು ನಮ್ಮ ಮಾತಿಗೆ ಬಂದು ಕೂರುತ್ತಿದ್ದಳು.

ಮಾತು ಅಂದರೆ ಮಕ್ಕಳದೇ. ರೈಲು ತಡವಾದಷ್ಟೂ ಮಾತು ಉದ್ದವಾಗುತ್ತಿತ್ತು. ಯಾರ ಮಗ ಬೀಡಿ ಕಲಿತ, ಯಾರ ಮಗ ಪರೀಕ್ಷೆಯ ಭಯಕ್ಕೆ ಊಟ ಬಿಟ್ಟ, ಯಾವ ಮೇಷ್ಟರು ಸಿಟ್ಟಿನವರು. ಉಪದೇಶ ಹೇಳುವುದರಲ್ಲಿ ನಾನೇ ಮುಂದು.

"ಯಕ್ಕ, ದಿನಾ ಯಾಕ ನಡಕೊಂಡು ಬರ್ತಿ? ಕಟಕ ರೊಟ್ಟಿ ಮಾಡು, ಎರಡು ದಿನಕ್ಕೊಮ್ಮಿ ಕಳಸು. ಕಾಲೂ ಉಳೀತಾವ, ಕಟ್ಟಿಗೀನೂ ಉಳೀತದ."

"ಅಣ್ಣಾ, ನೀ ಕಂಬಳಿ ಮಾರಾಂವ. ಕಂಬಳಿ ಎಂದ್ಯಾರ ಹಸಿವು ಅಂತದೇನು?" ಎನ್ನುತ್ತಿದ್ದಳು. ದರ್ಜಿ ಚಾಚಾ ಬಾಯಿಯ ಎಲೆಯಡಿಕೆ ಉಗುಳಿ ನಗುತ್ತಿದ್ದ. "ಸಾಹುಕಾರ್ರ, ಅಕ್ಕನ ಜೋಡಿ ಸೌದಾ ಮಾಡಬ್ಯಾಡ್ರಿ, ಲುಕ್ಸಾನ್ ಆಗ್ತದ."

ಆಮೇಲೆ ಗಲಾಟೆ ಶುರುವಾಯಿತು. ಹೈದರಾಬಾದ್ ಸಂಸ್ಥಾನ ಹಿಂದೂಸ್ತಾನಕ್ಕೆ ಸೇರಬೇಕೆಂದು ಹುಡುಗರು ಕಾಲೇಜು ಬಿಟ್ಟು ಗಡಿ ದಾಟತೊಡಗಿದರು. ಗಡಿಯಾಚೆ ವಿಜಾಪುರದ ಕಡೆ ಹೋರಾಟಗಾರರ ಶಿಬಿರಗಳಿವೆ ಎಂದು ಪಿಸುಮಾತು. ಹೋದ ಹುಡುಗರ ಮನೆಯವರನ್ನು ಪೊಲೀಸರು ಎಳೆದು ತರುತ್ತಿದ್ದರು, ಕುರಿ ದನ ಅಟ್ಟಿಕೊಂಡು ಹೋಗುತ್ತಿದ್ದರು. ಒಂದು ಬೆಳಿಗ್ಗೆ ಠಾಣೆಯ ಅಮೀನ ಪ್ಲಾಟ್‌ಫಾರ್ಮಿಗೇ ಬಂದು ಅಕ್ಕನ ಮುಂದೆ ನಿಂತ.

"ನಿನ್ನ ಮಗಾ ಎಲ್ಲದಾನ?"

"ಕಾಲೇಜಿನ್ಯಾಗ ಅದಾನ್ರಿ ಸಾಹೇಬ್ರ. ಇಲ್ಲಾಂದ್ರ ದಿನಾ ಈ ರೊಟ್ಟಿ ರೈಲಿಗೆ ಉಣಸಾಕ ತರ್ತೀನೇನ್ರಿ?"

ಅಮೀನನ ಹಿಂದಿದ್ದ ಜವಾನನಿಗೂ ನಗು ಬಂತು. ಗಂಟು ಬಿಚ್ಚಿಸಿ ನೋಡಿದರು, ರೊಟ್ಟಿ ಬಿಸಿಯಿತ್ತು. ಹೋದರು. ನಾನೂ ನಕ್ಕೆ. ಆ ಮಾತು ನಿಜವೆಂದೇ ನಾನು ತಿಳಿದಿದ್ದೆ.

ಸ್ವಲ್ಪ ದಿನಕ್ಕೆ ನನ್ನ ಮಗ ಊರಿಗೆ ಬಂದ. ಅಂಗಡಿಯ ಒಳಕೋಣೆಗೆ ಕರೆದು ಹೇಳಿದ: ಅಕ್ಕನ ಮಗ ಶಿಬಿರಕ್ಕೆ ಹೋಗಿ ಬಹಳ ದಿನವಾಗಿದೆ. ಅವ್ವನಿಗೆ ಗೊತ್ತಾಗಬಾರದು, ಬುತ್ತಿ ಇಳಿಸಿಕೋ, ಬಟ್ಟೆ ಕಟ್ಟಿ ವಾಪಸು ಹಾಕು ಎಂದು ಕೈಮುಗಿದು ಹೋಗಿದ್ದಾನೆ. ಅಲ್ಲಿಂದೀಚೆಗೆ ಆ ರೊಟ್ಟಿ ಉಂಡವನು, ಬಟ್ಟೆ ಕಟ್ಟಿದವನು ನನ್ನ ಮಗನೇ.

ಹೆತ್ತವಳಿಗೆ ಇಂಥದ್ದನ್ನು ಮುಚ್ಚಿಡಬಾರದು ಎಂದು ಆಗಲೇ ಮುದನಾಳಕ್ಕೆ ಹೊರಟೆ. ಅಕ್ಕ ಹಟ್ಟಿಯ ಮುಂದೆ ಕೂತು ಉಣ್ಣೆ ಬಿಡಿಸುತ್ತಿದ್ದಳು. ಗಂಡ ಕುರಿ ಹಿಂಡಿನ ಜೊತೆ ಕೃಷ್ಣೆಯ ಕಡೆ ಹೋಗಿದ್ದ. ನಾನು ಮಾತಿಗೆ ಪೀಠಿಕೆ ಹಾಕುತ್ತಿದ್ದಂತೆಯೇ ಅವಳು ಕೈ ಎತ್ತಿದಳು.

"ನಂಗ ಗೊತ್ತದ ಅಣ್ಣಾ. ಮೊದಲ್ನೇ ದಿನಾನ ಗೊತ್ತಾಗ್ಯದ. ನಿನ್ನ ಮಗ ಒಂದರ ಮ್ಯಾಲ ಒಂದು ಗಂಟು ಬಿಗೀತಾನ. ಹಲ್ಲೀಲೆ ಕಡದು ಬಿಚ್ಚಬೇಕಾಗ್ತದ."

"ಮತ್ತ ಸುಮ್ನ ಯಾಕ ರೊಟ್ಟಿ ಹೊತ್ತು ತರ್ತಿ?"

"ನಾ ಬುತ್ತಿ ನಿಂದ್ರಿಸಿದ ದಿನಾನ ಅಮೀನ ಹಟ್ಟಿಗಿ ಬರ್ತಾನ. ನನ್ನ ಒದ್ದು ಕೇಳಿದ್ರ ಹೇಳಾಂಗಿಲ್ಲ. ಅವರಪ್ಪನ್ನ ಒದ್ದು ಕೇಳಿದ್ರ... ಅವ ಹೇಳ್ತಾನ."

ಸಂತೆಯಲ್ಲಿ ಎಂಥೆಂಥವರ ಮಾತಿಗೆ ಮಾತು ಜೋಡಿಸಿದವನು ನಾನು. ಅಲ್ಲಿ ನನಗೆ ಹೊಳೆದದ್ದು ಇಷ್ಟೇ. "ಹಂಗಾರ ಹಿಂಡಿ ಖಾರ ಕಡಿಮಿ ಮಾಡು, ನನ್ನ ಮಗನಿಗಿ ತಡ್ಯಾಂಗಿಲ್ಲ" ಎಂದೆ. ಅವಳು ನಕ್ಕಳು. ಅವಳು ಬಾಯಿ ತುಂಬ ನಕ್ಕದ್ದನ್ನು ನಾನು ಕಂಡದ್ದು ಅದೇ ಕೊನೆ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹಿಂದೂಸ್ತಾನದ ಫೌಜು ಬಂತು, ನಿಜಾಮನ ರಾಜ್ಯ ಮುಗಿಯಿತು. ಶಿಬಿರಕ್ಕೆ ಹೋದ ಹುಡುಗರು ಒಬ್ಬೊಬ್ಬರೇ ಮರಳಿದರು. ಅಕ್ಕನ ಮಗ ಬರಲಿಲ್ಲ. ಹೊಳೆ ದಾಟುವಾಗ ಸೆಳವಿಗೆ ಸಿಕ್ಕ ಎಂದು ಸುರಪುರದ ಕಡೆಯವನೊಬ್ಬ ಹೇಳಿದ. ಇಲ್ಲ, ಗಡಿ ನಾಕಾದ ಹತ್ತಿರ ಗುಂಡು ಬಿತ್ತು ಎಂದು ಇನ್ನೊಬ್ಬ. ಹೆಣ ಕಂಡೆ ಎಂದವರು ಯಾರೂ ಇಲ್ಲ.

ದರ್ಜಿ ಚಾಚಾ ಅದೇ ದಿನಗಳಲ್ಲಿ ಹೊಲಿದ ಬಟ್ಟೆ ಕೊಟ್ಟು ಬರುತ್ತೇನೆಂದು ಹಳ್ಳಿಯ ಕಡೆ ಹೋದವನು ಹಿಂದಿರುಗಲಿಲ್ಲ. ಫೌಜು ಬಂದ ಆ ವಾರ ನಮ್ಮ ಕಡೆ ಮುಸಲ್ಮಾನರ ಮೇಲೆ ನಡೆದದ್ದನ್ನು ಬರೆಯಲು ಈಗಲೂ ಕೈ ಏಳುವುದಿಲ್ಲ. ಅವನ ಯಂತ್ರವನ್ನು ಯಾರೋ ಹೊತ್ತೊಯ್ದರು. ಹೆಂಡತಿ ತವರಿಗೆ ಹೋದಳು. ಗುಲ್ಬರ್ಗಾದಲ್ಲಿ ಓದುತ್ತಿದ್ದ ಮಗನಿಗೆ ಬುತ್ತಿ ಕಟ್ಟುವವರು ಯಾದಗಿರಿಯಲ್ಲಿ ಉಳಿಯಲಿಲ್ಲ.

ಕಾಲೇಜು ಮತ್ತೆ ತೆರೆಯಿತು. ನಾವು ಮತ್ತೆ ಪ್ಲಾಟ್‌ಫಾರ್ಮಿನಲ್ಲಿ ಕೂಡಿದೆವು. ಈಗ ಚಿಂತೆ ಬೇರೆ: ಇಷ್ಟು ದಿನ ಉರ್ದುವಿನಲ್ಲಿ ಓದಿದ ಹುಡುಗರು ಇನ್ನು ಯಾವ ಭಾಷೆಯಲ್ಲಿ ಪರೀಕ್ಷೆ ಬರೆಯಬೇಕು? "ಉರ್ದು ಪುಸ್ತಕ ನನ್ನ ಅಂಗಡಿಗಿ ತಂದು ಹಾಕ್ರಿ, ಪುಡಕಿ ಕಟ್ಟಾಕ ಬರ್ತಾವ" ಎಂದು, ತನ್ನ ಮಗನ ಬುತ್ತಿ ಹಿಡಿದು ಬರುತ್ತಿದ್ದ ಕಿರಾಣಿ ಸಾಹುಕಾರ ಚೇಷ್ಟೆ ಮಾಡುತ್ತಿದ್ದ. ಆಗಲೇ ಅಕ್ಕ ಬಂದಳು, ತಲೆಯ ಮೇಲೆ ಬುತ್ತಿ, ಅದಕ್ಕೆ ಕರಿ ದಾರ. ತಲೆ ಕೆಟ್ಟಿದೆ ಎಂದೇ ನಾನು ತಿಳಿದೆ. ಅವಳು ಹಮಾಲನಿಗೆ ಬುತ್ತಿ ಕೊಟ್ಟು, "ದರ್ಜಿ ಮಗನಿಗಿ ಮುಟ್ಟಸು" ಎಂದಳು.

ಕಿರಾಣಿ ಸಾಹುಕಾರನಿಗೆ ತಡೆಯಲಾಗಲಿಲ್ಲ. "ಯವ್ವಾ, ನಿನ್ನ ಮಗನ್ನ ತಿಂದಾವ್ರ್ಯಾರು, ನೀ ರೊಟ್ಟಿ ಹಾಕದ್ಯಾರಿಗಿ?"

ಅಕ್ಕ ಅವನ ಕಡೆ ತಿರುಗಲೂ ಇಲ್ಲ. "ನನ್ನ ಮಗನ ಖೋಲ್ಯಾಗ ಮಲಗಾಂವ ಹಸದಾನ. ನೀ ಹಾಕ್ತಿದ್ರ ಹೇಳು, ನಾಳಿಂದ ನಾ ಬರಾಂಗಿಲ್ಲ."

ಹಾಗೆ ಚಳಿಗಾಲ ಕಳೆಯಿತು. ಬಟ್ಟೆ ಹೇಗೆ ಬೇಕೋ ಹಾಗೆ ಕಟ್ಟಿಕೊಂಡು ಬರುತ್ತಿತ್ತು, ಅವಳು ಹಲ್ಲಿನಿಂದ ಬಿಚ್ಚಿಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ದಾರ ಹಿಡಿದು ಎಳೆದವಳು ಹಾಗೆಯೇ ನಿಂತುಬಿಟ್ಟಳು. ದಾರ ಸರಕ್ಕನೆ ಬಿಚ್ಚಿ ಅವಳ ಕೈಗೆ ಬಂದಿತ್ತು.

ಮರಿಗಂಟು.

"ಅಣ್ಣಾ, ಬಂದಾನ" ಎಂದಳು. ಅಷ್ಟೇ. ಎಂದೂ ರೈಲು ಹತ್ತದವಳು ಬುತ್ತಿಯನ್ನು ಎದೆಗೆ ಒತ್ತಿಕೊಂಡು ಡಬ್ಬಿ ಏರಿದಳು. ನಾನು ಟಿಕೆಟು ತೆಗೆದುಕೊಂಡು ಹಿಂದೆ ಓಡಿದೆ. ದಾರಿಯುದ್ದಕ್ಕೂ, "ಆಸಿ ಇಟ್ಕೋಬ್ಯಾಡ ಯಕ್ಕ, ಮೊದಲು ನೋಡೂಣು" ಎಂದು ಹೇಳುತ್ತಲೇ ಹೋದೆ. ಹೇಳುತ್ತಾ ಹೇಳುತ್ತಾ ನನಗೇ ಆಸೆ ಹುಟ್ಟಿತ್ತು. ವಾಡಿ ದಾಟಿದ ಮೇಲೆ ನಾನೂ ಕಿಟಕಿಯಾಚೆ ಇಣುಕತೊಡಗಿದೆ.

ಅಂದು ಬುತ್ತಿ ಇಳಿಸುವ ಸರದಿ ದರ್ಜಿಯ ಮಗನದು, ಗುಲ್ಬರ್ಗಾ ಸ್ಟೇಷನ್ನಿನಲ್ಲಿ ಅವನೊಬ್ಬನೇ ಕಾಯುತ್ತ ನಿಂತಿದ್ದ. ಅಕ್ಕ ಅವನ ಭುಜದಾಚೆ ನೋಡಿದಳು. ಬಾಗಿಲ ಕಡೆ ನೋಡಿದಳು. ಇಳಿದ ಜನ ಎಲ್ಲ ಕರಗುವ ತನಕ ನೋಡಿದಳು.

"ಗಂಟು ಯಾರು ಹಾಕಿದ್ರಪ್ಪ?" ಕೊನೆಗೆ ನಾನೇ ಕೇಳಿದೆ.

"ನಾನ್ರೀ" ಎಂದ ಹುಡುಗ. ನಮ್ಮಿಬ್ಬರ ಮುಖ ನೋಡಿ ಅವನಿಗೂ ಅಂಜಿಕೆ ಹುಟ್ಟಿತ್ತು. "ಅವ ಖೋಲ್ಯಾಗ ಕುಂತು ಕಲಿಸಿದ್ದ. ಮರ್ತಿದ್ದೆ, ನಿನ್ನಿ ಕೈಗಿ ನೆನಪಾತು. ನಿಮಗ ಖುಷಿ ಆಗ್ಲಿ ಅಂತ..."

ಅಕ್ಕ ಅಲ್ಲೇ ನೆಲಕ್ಕೆ ಕೂತಳು. ಅಳುತ್ತಾಳೆಂದು ಕಾದೆ, ಅಳಲಿಲ್ಲ. ಬುತ್ತಿ ಬಿಚ್ಚಿ ಹುಡುಗನನ್ನು ಎದುರಿಗೆ ಕೂರಿಸಿಕೊಂಡಳು. ಅವನು ತುತ್ತು ನುಂಗಲಾರದೆ ನುಂಗುವುದನ್ನು ಕೊನೆಯ ತನಕ ನೋಡಿದಳು. ಆಮೇಲೆ ಬಟ್ಟೆ ಝಾಡಿಸಿ ಮಡಚುತ್ತ ಹೇಳಿದಳು: "ಛಲೋ ಕಟ್ಟೀದಿ. ಅವ ಕಟ್ಟಿದಂಗ ಕಟ್ಟೀದಿ. ಇನ್ನ ಮ್ಯಾಲ ಹಂಗ ಕಟ್ಟಬ್ಯಾಡಪ."

ಆ ಹುಡುಗ ಮತ್ತೆ ಹಾಗೆ ಕಟ್ಟಲಿಲ್ಲ. ಅವನು ಪಾಸಾಗುವ ತನಕ ಬುತ್ತಿಯೂ ನಿಲ್ಲಲಿಲ್ಲ. ಕೊನೆಯ ಬುತ್ತಿ ಹೋದ ಮರುದಿನ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ದಾರವನ್ನು ನನ್ನ ಕೈಗಿಟ್ಟು, "ಉಣ್ಣಿ ವ್ಯಾಪಾರದಾಂವ, ಇಟ್ಕೋ" ಎಂದು ಹೋದಳು. ಅವಳು ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ಮಣ್ಣೂ ಆಗಿಹೋಗಿತ್ತು. ಉಣ್ಣೆ ಮಾರಲು ಬಂದವನೊಬ್ಬ ದರದ ಮಾತಿನ ನಡುವೆ ಹೇಳಿದ್ದ. ಅಂದು ನಾನು ಚೌಕಾಸಿ ಮಾಡಲಿಲ್ಲ.

ಮಕ್ಕಳನ್ನು ಹೊರಗೆ ಓದಲು ಹಾಕಿದವರಿಗೆ ನಾನು ಈಗಲೂ ಉಪದೇಶ ಹೇಳುತ್ತೇನೆ. ನಿಮ್ಮ ಮಗ ಉಂಡನೋ ಇಲ್ಲವೋ ಎಂದಷ್ಟೇ ಕೇಳಬೇಡಿ, ಅವನ ಖೋಲಿಯಲ್ಲಿರುವವನು ಉಂಡನೋ ಅದನ್ನೂ ಕೇಳಿ. ಕೆಲವರು ಹೂಂ ಎನ್ನುತ್ತಾರೆ, ಕೆಲವರು ಗಡಿಯಾರ ನೋಡುತ್ತಾರೆ.

"ಮಾವಾರ, ಬಸ್ಸಿಗಿ ಟೈಮಾತ್ರಿ" ಎಂದಳು ಸೊಸೆ. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಆ ದಾರ ಸುತ್ತಿದೆ. ತುದಿಯನ್ನು ಹೀಗೆ ತಂದೆ, ಹಾಗೆ ತಂದೆ. ಬರಲಿಲ್ಲ. ಅಷ್ಟು ದಿನ ಎದುರು ಕೂತು ಅವಳು ಬಿಚ್ಚುವುದನ್ನು ನೋಡಿದರೂ ಮರಿಗಂಟು ಹಾಕುವುದನ್ನು ನಾನು ಕಲಿತಿರಲೇ ಇಲ್ಲ. ಈಗ ಕೇಳೋಣವೆಂದರೆ ಮುದನಾಳದಲ್ಲಿ ಆ ಹಟ್ಟಿಯಿಲ್ಲ. ದರ್ಜಿಯ ಮಗ ಯಾವ ಊರಿನಲ್ಲಿದ್ದಾನೋ, ಇದ್ದಾನೋ... ದಾರವನ್ನು ಮತ್ತೆ ಟ್ರಂಕಿಗೆ ಹಾಕಿ, ಡಬ್ಬಿಗೆ ಸುತಳಿ ಸುತ್ತಿ, ಒಂದರ ಮೇಲೊಂದು ಗಂಟು ಬಿಗಿದು ಕೊಟ್ಟೆ.