ಎದೆಗೆ ಯಾವ ವಾಲ್ವು

ಬೆಳಗ್ಗೆ ಎದ್ದು ಕೊಟ್ಟಿಗೆಯ ಸಗಣಿ ಬಾಚಿದೆ. ಡೈರಿಗೆ ಹಾಲು ಹಾಕಿ ಬಂದೆ. ರಾಗಿ ಕೇರಿದೆ, ಎರಡು ಸೀರೆ ಒಗೆದೆ, ಹಸುವಿಗೆ ಕಬ್ಬಿನ ಸೋಗೆ ತಂದು ಹಾಕಿದೆ. ಸಂಜೆಗೆ ಗಂಡನ ಹುಬ್ಬಿನ ರಕ್ತ ಒರೆಸಿದೆ. ತೊಂಬತ್ತರ ದಶಕದ ಚಿನಕುರಳಿಯಲ್ಲಿ ನಾಲೆಗೆ ನೀರು ಬಿಟ್ಟರೆ ಅದೂ ಮನೆಗೆಲಸವೇ.

ಹಿಂದಿನ ದಿನವಷ್ಟೇ ನಾನು, ನನ್ನ ಗಂಡ, ಅವರ ಅಣ್ಣ, ಅಂದರೆ ನನ್ನ ಬಾವ, ಮೈಸೂರಿನ ಆಸ್ಪತ್ರೆಗೆ ಹೋಗಿದ್ದೆವು. ಚಿಕ್ಕಂದಿನ ಜ್ವರ ಅವರ ಎದೆಯ ವಾಲ್ವನ್ನು ಕೆಡಿಸಿ ಕಿರಿದು ಮಾಡಿತ್ತು. ತೊಡೆಯ ಸಂದಿಯಿಂದ ನಳಿಕೆ ತೂರಿಸಿ, ಬಲೂನು ಉಬ್ಬಿಸಿ ಅಗಲಿಸುತ್ತಾರೆಂದು ಕೇಳಿ ಆಸೆಯಿಂದ ಹೋದವರು ನಾವು. ಇವರದು ಸುಣ್ಣಗಟ್ಟಿದೆ, ಬಲೂನಿಗೆ ಬಗ್ಗುವುದಿಲ್ಲ, ಎದೆ ತೆರೆದು ಬೇರೆ ವಾಲ್ವು ಹೊಲಿಯಬೇಕು ಎಂದರು ಡಾಕ್ಟರು. ಮೇಜಿನ ಮೇಲೆ ಎರಡು ಮಾದರಿ ಇಟ್ಟರು. ಒಂದು ಲೋಹದ ಬಳೆ, ಒಳಗೊಂದು ಬಿಲ್ಲೆ ಟಕ್ಕೆಂದು ವಾಲುತ್ತಿತ್ತು. ಇನ್ನೊಂದು ಬಟ್ಟೆಯುಂಗುರಕ್ಕೆ ಹೊಲಿದ ಪ್ರಾಣಿಯ ತೆಳುಪೊರೆ, ಮೂರು ಎಸಳು. ಲೋಹದ್ದು ಬಹುಕಾಲ ಬಾಳುತ್ತದೆ, ಆದರೆ ಜೀವನಪೂರ್ತಿ ರಕ್ತ ತೆಳುಮಾಡುವ ಮಾತ್ರೆ ನುಂಗಬೇಕು. ತಲೆಗೆ ಪೆಟ್ಟು ಬಿದ್ದರೆ ರಕ್ತ ನಿಲ್ಲದೆ ಉಳಿಯುವುದು ಕಷ್ಟ. ಪೊರೆಯದಕ್ಕೆ ಆ ಮಾತ್ರೆ ಕೆಲವೇ ತಿಂಗಳು, ಆದರೆ ಹತ್ತು ವರ್ಷದ ಸುಮಾರಿಗೆ ಸವೆದರೆ ಮತ್ತೆ ಎದೆ ಕೊಯ್ಯಬೇಕು. ಬಾವ ಎರಡನ್ನೂ ಪಂಪ್‌ಸೆಟ್ಟಿಗೆ ಫುಟ್‌ವಾಲ್ವು ಕೊಳ್ಳುವವರಂತೆ ಬೆಳಕಿಗೆ ಹಿಡಿದು ನೋಡಿ, ಲೋಹದ್ದೇ ಇರಲಿ ಎಂದರು. ಜಗಳ, ಹೊಡೆದಾಟ ಏನಾದರೂ ಉಂಟೋ ಎಂದು ಡಾಕ್ಟರು ಕೇಳಿದ್ದಕ್ಕೆ, ನಮ್ಮದು ಮರ್ಯಾದಸ್ಥರ ಮನೆ ಎಂದುಬಿಟ್ಟರು. ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ರೋಗಿ ಒಳಗೆ ಬಂದಾಗಿತ್ತು. ಸೋಮವಾರ ಮತ್ತೆ ಬಂದು ಗಟ್ಟಿಮಾಡಿ ಹೇಳಿ ಎಂದು ಕಳಿಸಿದರು.

ಮಾರನೆಯ ಸಂಜೆ ಪಕ್ಕದ ಗದ್ದೆಯವನು ನಮ್ಮ ನೀರಿನ ಸರದಿಯಲ್ಲಿ ತೂಬು ಮುಚ್ಚಿದ. ಜಗುಲಿ ಹತ್ತಿದರೆ ಏದುವ ನನ್ನ ಗಂಡ ಗುದ್ದಲಿ ಕಾವು ಹಿಡಿದು ಹೋದರು.

"ಉಸ್ರಾಡಕ್ಕೇ ಆಗಕಿಲ್ಲ, ನೀರ್ ಕಟ್ಟಕ್ ಬಂದ್ಬುಟ್ಟ," ಎಂದ ಅವನು.

ಇವರು ಕಾವಿನಿಂದ ಅವನ ಭುಜಕ್ಕೆ ಬಾರಿಸಿದರು. ಕೆಸರಿಗೆ ಬಿದ್ದವನು ಕಲ್ಲು ಹಿಡಿದೇ ಎದ್ದು ಇವರ ಹುಬ್ಬು ಒಡೆದ. ಬಿಡಿಸಲು ಬಂದ ಬಾವ ಅವನ ಜುಟ್ಟು ಹಿಡಿದು ಮುಖವನ್ನು ನಾಲೆಯ ನೀರಿಗೆ ಅದುಮಿದರು. ನಾಲ್ಕು ಜನ ಎಳೆಯದಿದ್ದರೆ ಅವನು ಸಾಯುತ್ತಿದ್ದ.

ಮನೆಗೆ ಕರೆತಂದು ಬಟ್ಟೆ ಒತ್ತಿ ಹಿಡಿದೆ. ಎರಡು ಬಟ್ಟೆ ನೆನೆದವು. ಮೂರನೆಯದಕ್ಕೆ ರಕ್ತ ಹೆಪ್ಪುಗಟ್ಟಿತು.

"ಬಾವ, ಆ ಮಾತ್ರೆ ನುಂಗಿದ್ದಿದ್ರೆ ಇದು ನಿಲ್ತಿತ್ತಾ?"

"ಲೋಹದ್ದು ಸಾಯೋಗಂಟ ಬತ್ತದೆ ಕಣವ್ವ."

"ಸಾಯೋದು ಮುಂದಿನ ಸರದಿಗೇ ಆದ್ರೆ?"

ಇನ್ನು ಒಡೆದಾಡಕಿಲ್ಲ ಬುಡು ಎಂದರು ನನ್ನ ಗಂಡ. ಬಾವ ನಕ್ಕರು. "ನೀನಾ? ನೀರ್ ಬುಟ್ರೆ ನಿನ್ ಮೈಮ್ಯಾಲೆ ದೆವ್ವ ಬತ್ತದೆ ಕಣ್ಲಾ."

ಇವರೂ ನಕ್ಕರು. ಗಾಯ ಬಿರಿದು ಮತ್ತೆ ರಕ್ತ ಜಿನುಗಿತು. ಒತ್ತಿದೆ.

"ಹತ್ತೊರ್ಸಕ್ಕೆ ಮತ್ತೆ ಎದೆ ಕುಯ್ಸ್ಕಬೇಕಲ್ಲ," ಎಂದರು ಇವರು ಮೆಲ್ಲಗೆ.

"ಕುಯ್ಸ್ಕಳಕ್ಕೆ ನೀವಿರ್ತೀರಲ್ಲ."

ಬಾವ ನೆನೆದ ಎರಡು ಬಟ್ಟೆಯನ್ನೂ ಎತ್ತಿ ನೋಡಿದರು. ಸೋಮವಾರ ಪೊರೆಯದೇ ಹೇಳೋಣ, ಆದರೆ ಹೊಡೆದಾಟದ ವಿಷಯ ನೀನೇ ಡಾಕ್ಟರಿಗೆ ಹೇಳು, ನನ್ನ ಬಾಯಲ್ಲಿ ಬರುವುದಿಲ್ಲ ಎಂದರು. ಹೇಳ್ತೀನಿ ಎಂದೆ.

ರಾತ್ರಿಗೆ ಮುದ್ದೆ, ಸೊಪ್ಪಿನ ಬಸ್ಸಾರು. ಬಾವ ಎರಡು ಮುದ್ದೆ ಉಂಡರು. ಇವರು ಹುಬ್ಬಿನ ಗಾಯ ಎಳೆಯುತ್ತದೆಂದು ಅರ್ಧ ಬಿಟ್ಟರು. ಮೊದಲು ನಿದ್ದೆಹೋದವರು ಬಾವ. ಇವರು ಗೋಡೆಗೆ ಒರಗಿ ಕೂತೇ ಉಸಿರೆಳೆಯುತ್ತಿದ್ದರು, ಪಕ್ಕದಲ್ಲಿ ನಾನು.