ಸವೆದ ಹೊಸಿಲು

ಡೆಟ್ರಾಯಿಟ್ ಹತ್ತಿರದ ಮ್ಯೂಸಿಯಂ ಒಂದರಲ್ಲಿ ಇಂಗ್ಲೆಂಡಿನ ಹಳೆಯ ಹಳ್ಳಿಮನೆಯನ್ನು ಒಂದೊಂದೇ ಕಲ್ಲು ಬಿಚ್ಚಿ ತಂದು ಮತ್ತೆ ಕಟ್ಟಿದ್ದಾರೆ. ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ದಪ್ಪ ಗೋಡೆ, ಕಲ್ಲುಚಪ್ಪಡಿಯ ಸೂರು, ತಲೆ ಬಗ್ಗಿಸಿಯೇ ನುಗ್ಗಬೇಕಾದ ಬಾಗಿಲು. ನೂರಾರು ವರ್ಷ ಜನ ಓಡಾಡಿ ಕಲ್ಲಿನ ಹೊಸಿಲು ನಡುವೆ ಸವೆದಿದೆ ಎಂದು ಗೈಡ್ ಹೆಮ್ಮೆಯಿಂದ ತೋರಿಸಿದಳು. ನಾನದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

"ಹೊಸಿಲು ತುಳೀಬಾರದು ಅಂತ ಹೇಳೋಕೆ ಇವರ ಮನೇಲಿ ಹಿರಿಯರು ಒಬ್ಬರೂ ಇರಲಿಲ್ವೇನೆ?" ಎಂದವರೇ ಸೀರೆ ಎತ್ತಿ ಹಿಡಿದು ದಾಟಿದರು. ನನಗೆ ರೇಗಿತು.

ಮರುದಿನ ವೆಸ್ಟ್‌ಮಂಟ್‌ನ ನಮ್ಮ ಮನೆಗೆ ಬಂದಮೇಲೆ ಅತ್ತೆ ಮುಂಬಾಗಿಲು ತೆಗೆದು, ಹೊಸಿಲಿಗೆ ತಾವು ಹಚ್ಚಿದ್ದ ಅರಿಶಿನ ಕುಂಕುಮ ಒಂಚೂರೂ ಅಳಿಸಿಲ್ಲವೆಂದು ತೋರಿಸಿದರು. ಹೇಗೆ ಅಳಿಸೀತು? ನಾವೆಲ್ಲ ಮನೆಯೊಳಗೆ ಬರುವುದು ಗ್ಯಾರೇಜಿನಿಂದ.